ಪುಟ್ಟಿ ಮಾವನ ಕಿಟಕಿ
ಬೀದಿಗೆಲ್ಲ ಅವರು ಪುಟ್ಟಿ ಮಾವ. ಹಾಗೆಂದರೆ ಪುಟ್ಟಿ ಎಂಬ ಹುಡುಗಿಯ ಮಾವನಲ್ಲ, ಹಳೆಯ ಮರದ ಕಿಟಕಿಗಳಿಗೆ ಗಾಜು ಕೂರಿಸಿ ಅಂಚಿಗೆ ಪುಟ್ಟಿ ಮೆತ್ತುವ ಮಾವ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಬೆರೆಸಿ ನಾದಲು ಕೂತರೆಂದರೆ, ಅಂಗೈಗೆ ಅಂಟದ ಹದ ಬರುವವರೆಗೆ ಯಾರು ಕರೆದರೂ ಓಗೊಡುವುದಿಲ್ಲ. ಮೈಯೆಲ್ಲ ಆ ಎಣ್ಣೆಯದೇ ವಾಸನೆ. ಅವರು ಇನ್ನೂ ತಿರುವಿನಲ್ಲಿರುವಾಗಲೇ ಬೀದಿಯ ನಾಯಿಗಳು ಎದ್ದು ದಾರಿ ಬಿಡುತ್ತವೆ. ಮದುವೆ ಮನೆಗೆ ಹೋದರೂ ಹೆಣ್ಣು-ಗಂಡಿಗಿಂತ ಮೊದಲು ಕಿಟಕಿ ನೋಡಿ, ಉಗುರಿನಿಂದ ಅಂಚು ಕೆರೆದು, "ಯಾರಪ್ಪ ಮೆತ್ತಿದ್ದು ಇದನ್ನ? ಕೈಯಲ್ಲೋ ಕಾಲಲ್ಲೋ?" ಎನ್ನುತ್ತಾರೆ. ಬೇಗ ಬಣ್ಣ ಬಳಿಯಬೇಕೆಂದು ಮನೆಯವರು ಆತುರಪಟ್ಟರೆ, "ಪುಟ್ಟಿ ಒಣಗೋದು ಅದರಿಷ್ಟ, ನಿಮ್ಮಿಷ್ಟ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಾರೆ. ಹೆಂಡತಿಯ ಜೊತೆ ಮಾತ್ರ ಮಾತು ಕಡಿಮೆ. ಬೆಳಿಗ್ಗೆ "ಬರ್ತೀನಿ", ಸಂಜೆ "ಬಂದೆ", ಅಷ್ಟರಲ್ಲೇ ಸಂಸಾರ ಸಾಗಿತ್ತು. ಈ ವರ್ಷ ಆಕೆ ಹಾಸಿಗೆ ಹಿಡಿದ ಮೇಲೆ, ಮಾವ ಊರವರ ಕೆಲಸವನ್ನೆಲ್ಲ ಬಿಟ್ಟು ಆಕೆ ಮಲಗಿದ ಕೋಣೆಯ ಕಿಟಕಿಗೆ ಕೈ ಹಾಕಿದರು. ಹೊರಗೆ ನಿಂತು ಮೆತ್ತುತ್ತಾರೆ, ಅಲಗಿನಿಂದ ನಯವಾಗಿ ಎಳೆಯುತ್ತಾರೆ, ಗಾಜಿನೊಳಗೆ ಇಣುಕುತ್ತಾರೆ, ಮರುದಿನ ಅದನ್ನೇ ಕೆರೆದು ತೆಗೆದು ಮತ್ತೆ ಶುರುಮಾಡುತ್ತಾರೆ. "ಚೆನ್ನಾಗೇ ಇತ್ತಲ್ಲಪ್ಪಾ, ಮತ್ಯಾಕೆ ಕೆರೆದೆ?" ಎಂದು ಮಗಳು ರೇಗಿದಳು. "ಮೂಲೆ ಸರಿಯಾಗಿ ಕೂತಿಲ್ಲ" ಎಂದರು ಮಾವ. ಒಳಗೆ ಮಲಗಿದ್ದ ಆಕೆ ನಕ್ಕು ಮಗಳನ್ನು ಹತ್ತಿರ ಕರೆದರು. "ಸುಮ್ಮನಿರೇ. ಪಕ್ಕದಲ್ಲಿ ಬಂದು ಕೂತ್ಕೊಳ್ಳೋದು ಅವರಿಗೆ ಗೊತ್ತಿಲ್ಲ. ಕೆರೀಲಿ ಬಿಡು."