ಪಾಸಾದ ಮಿಷನ್ನು

ರಾಗಿಹಿಟ್ಟನ್ನು, ಎಂದರೆ ಮುದ್ದೆಯನ್ನು, ಚಮಚದಲ್ಲಿ ತಿನ್ನುವ ಹೆಂಗಸೆಂದು ನಾನು ನೋಡಿದ್ದು ಒಬ್ಬಳನ್ನೇ, ಉಡಿಗಾಲದ ಚಿಕ್ಕಮಾದಮ್ಮನನ್ನು. ಚಾಮರಾಜನಗರದ ನಮ್ಮ ರೇಷ್ಮೆ ಕಾರ್ಖಾನೆಯಲ್ಲಿ ಅವಳು ಗೂಡಿನಿಂದ ನೂಲು ಬಿಚ್ಚುತ್ತಿದ್ದಳು, ನಾನು ಬಾಯ್ಲರ್ ನೋಡಿಕೊಳ್ಳುತ್ತಿದ್ದೆ. ಮಧ್ಯಾಹ್ನ ಚಮಚಕ್ಕೆ ಅಂಟಿಕೊಂಡ ಹಿಟ್ಟನ್ನು ಬಿಡಿಸಿಕೊಳ್ಳಲಾಗದೆ ಅವಳು ಒದ್ದಾಡುತ್ತಿದ್ದರೆ ಉಳಿದವರು ಮುಸಿಮುಸಿ ನಗುತ್ತಿದ್ದರು. ಗಂಡ ಮೂಗಯ್ಯನಂತೂ ಅವಳನ್ನು ಆಫೀಸರಮ್ಮ ಎಂದೇ ಕರೆಯುತ್ತಿದ್ದ.

ನಗುವಂಥದ್ದು ಏನಿತ್ತೋ ನಾ ಕಾಣೆ. ನೂಲು ಬಿಚ್ಚುವವರು ಬೆಂದ ಗೂಡುಗಳಿರುವ ಬಿಸಿನೀರಿಗೆ ಬೆರಳು ಅದ್ದಿ ಎಳೆಯ ತುದಿ ಹುಡುಕಬೇಕು, ಅದೂ ದಿನವಿಡೀ. ಬೆರಳಿನ ಚರ್ಮ ಬಿಳಿಚಿಕೊಂಡು, ಸುಲಿದು, ಕೆಂಪಗೆ ಹಸಿಹಸಿಯಾಗುತ್ತದೆ. ಅಂಥ ಬೆರಳನ್ನು ಖಾರದ ಸಾರಿಗೆ ಅದ್ದಿದರೆ ಪ್ರಾಣ ಹೋದಂತಾಗುತ್ತದೆ. ಬೇರೆಯವರಿಗೆ ಬರಬರುತ್ತಾ ಚರ್ಮ ದಡ್ಡುಗಟ್ಟುತ್ತಿತ್ತು, ಇವಳಿಗೆ ಕಟ್ಟಲೇ ಇಲ್ಲ. ಎಲ್ಲರ ಹಾಗೆ ಕೈಯಲ್ಲಿ ಉಣ್ಣಬೇಕು ಎಂಬುದು ಅವಳ ಆಸೆ. ಅದಕ್ಕಿಂತ ದೊಡ್ಡ ಆಸೆ, ಮಗಳು ಕುಮಾರಿಯ ಕೈ ಹೀಗಾಗಬಾರದು ಎಂಬುದು. ಗುಂಡ್ಲುಪೇಟೆಗೆ ಮದುವೆಯಾಗಿ ಹೋದ ಕುಮಾರಿಯೂ ಅಲ್ಲಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಇದೇ ಕೆಲಸಕ್ಕೆ ಸೇರಿಕೊಂಡಿದ್ದಳು.

ಚೀನಾ ರೇಷ್ಮೆ ಮಾರುಕಟ್ಟೆಗೆ ನುಗ್ಗಿ ನಮ್ಮ ನೂಲನ್ನು ಮೂಸಿ ನೋಡುವವರೂ ಇಲ್ಲದಂತಾಗಿದ್ದ ಕಾಲ ಅದು, ತೊಂಬತ್ತೈದರ ಸುಮಾರು. ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ ಸಂಶೋಧನಾ ಕೇಂದ್ರದವರೂ ಒಂದು ಮಿಷನ್ ಕಂಪನಿಯವರೂ ಕೂಡಿಕೊಂಡು ನೂಲು ಬಿಚ್ಚುವ ಹೊಸ ಯಂತ್ರ ಮಾಡಿದ್ದರು. ಜಪಾನಿನಿಂದ ತರಿಸುವುದೇ ಬೇಡ, ನಮ್ಮ ದೇಶದಲ್ಲೇ ತಯಾರಾಗಲಿ ಎಂಬುದು ಅವರ ಉಮೇದು. ಒಳ್ಳೆಯ ಉಮೇದೇ, ಅದರಲ್ಲಿ ನನ್ನ ತಕರಾರಿಲ್ಲ. ನಮ್ಮ ಮಾಲೀಕರು ಶಿವರುದ್ರಸ್ವಾಮಿಯವರು ಟ್ರಯಲ್‌ಗೆ ಜಾಗ ಕೊಟ್ಟರು.

ಯಂತ್ರದ ಜೊತೆ ಬಂದವನು ರಘುನಾಥ, ಕೇಂದ್ರದ ಹುಡುಗ ಎಂಜಿನಿಯರ್, ಗುಂಡ್ಲುಪೇಟೆಯವನೇ. ಬಂದ ದಿನವೇ ಚಿಕ್ಕಮಾದಮ್ಮನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದ. ಅಷ್ಟು ವರ್ಷದಲ್ಲಿ ಆ ಕೈಗಳನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ಬಿಸಿನೀರಿಗೆ ಇಳಿಯುವ ಕೆಲಸವನ್ನು ಇನ್ನು ಮೇಲೆ ಬ್ರಷ್ ಮಾಡುತ್ತದೆ, ತುದಿಗಳನ್ನು ಅದೇ ಎತ್ತಿ ಕೊಡುತ್ತದೆ, ನೀವು ಉಗುರುಬೆಚ್ಚಗಿನ ನೀರಿನಲ್ಲಿ ಎಳೆ ಹಿಡಿದುಕೊಂಡರೆ ಸಾಕು ಎಂದು ತಿಳಿಸಿ ಹೇಳಿದ. ಯಂತ್ರ ನಡೆಸಲು ಅವಳನ್ನೇ ಆರಿಸಿಕೊಂಡ.

ಮೊದಮೊದಲು ಬ್ರಷ್ ಹೇಳಿದ ಹಾಗೇ ಕೇಳಿತು. ಸುತ್ತುತ್ತಾ ನೀರಿಗಿಳಿದು ತುದಿಗಳನ್ನು ಗುಂಪಾಗಿ ಎತ್ತಿಕೊಂಡು ಬರುತ್ತಿತ್ತು. ಚಿಕ್ಕಮಾದಮ್ಮನ ಬೆರಳಿಗೆ ಹೊಸ ಚರ್ಮ ಬಂತು. ಒಂದು ಮಧ್ಯಾಹ್ನ ಅವಳು ಚಮಚ ತರದೆ ಬಂದು, ಹಿಟ್ಟು ಮುರಿದು, ಹುರುಳಿ ಸಾರಿಗೆ ಅದ್ದಿ ನುಂಗಿದಳು. ತಿಂದಾದ ಮೇಲೆ ಬೆರಳು ನೆಕ್ಕಿಕೊಂಡಳು. ನಾನು ಬೇರೆ ಕಡೆ ಮುಖ ತಿರುಗಿಸಿದೆ, ನನಗೆ ಕಣ್ಣು ತುಂಬಿಬಂದಿತ್ತು.

ಆಮೇಲೆ ನಡೆದದ್ದು ನಮಗೆ ತಿಳಿದದ್ದು ಬಹಳ ತಡವಾಗಿ. ಬ್ರಷ್ಷಿನ ನೈಲಾನ್ ಎಳೆಗಳು ಬಿಸಿನೀರಿನಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳತೊಡಗಿದವು, ತುದಿ ಎತ್ತುವುದನ್ನು ಬಿಟ್ಟವು. ಅದು ಮೊದಲು ಕಂಡದ್ದು ಚಿಕ್ಕಮಾದಮ್ಮನಿಗೆ. ಅವಳು ಬಾಯಿ ಬಿಡಲಿಲ್ಲ. ರಘುನಾಥ ಆಚೆ ತಿರುಗಿದಾಗಲೆಲ್ಲ ಬಿಸಿನೀರಿಗೆ ಬೆರಳು ಹಾಕಿ, ತುದಿ ಹುಡುಕಿ, ಬ್ರಷ್ಷಿಗೆ ಸುತ್ತಿಡುತ್ತಿದ್ದಳು. ಟ್ರಯಲ್ ಎಂದರೆ ಪರೀಕ್ಷೆ ಎಂದು ಯಾರೋ ಹೇಳಿದ್ದರು. ಪರೀಕ್ಷೆ ಎಂದರೆ ಪಾಸು ಇಲ್ಲವೇ ಫೇಲು. ಫೇಲಾದರೆ ಯಂತ್ರವನ್ನು ಲಾರಿಗೆ ಹಾಕಿಕೊಂಡು ಹೋಗುತ್ತಾರೆ, ತನ್ನ ಕೈ ಹಿಡಿದು ನೋಡಿದ ಹುಡುಗನಿಗೆ ಮಾಲೀಕರೆದುರು ಅವಮಾನವಾಗುತ್ತದೆ ಎಂಬುದು ಅವಳ ಲೆಕ್ಕ.

ಅವನು ಪ್ರತಿ ಸಂಜೆ ಹೇಗಿದೆಯಮ್ಮಾ ಎಂದು ಕೇಳುತ್ತಿದ್ದ. ಚೆನ್ನಾಗದೆ ಕಣಪ್ಪ ಎನ್ನುತ್ತಿದ್ದಳು. ಅಷ್ಟು ಮರ್ಯಾದೆಯಿಂದ ಕೇಳಿದವರಿಗೆ ನಮ್ಮ ಕಡೆಯ ಯಾವ ಹೆಂಗಸು ಚೆನ್ನಾಗಿಲ್ಲ ಎಂದಾಳು? ಬೀಗರ ಮನೆಯ ಅಡುಗೆಯಲ್ಲಿ ಉಪ್ಪಿಲ್ಲದಿದ್ದರೂ ಚೆನ್ನಾಗಿದೆ ಎಂದೇ ಉಂಡು ಏಳುವ ಜನ ನಾವು. ಆ ದಿನಗಳಲ್ಲಿ ಅವಳು ಸಾರು ಬಿಟ್ಟು ಬರೀ ಮಜ್ಜಿಗೆ ಅನ್ನ ತರುತ್ತಿದ್ದಳು. ಯಾಕೆ ಎಂದರೆ ಹೊಟ್ಟೆ ಉರಿ ಎಂದಳು. ನಾವು ನಂಬಿದೆವು.

ಕಾಲೇಜಿನ ದೊಡ್ಡವರು, ಕಂಪನಿಯವರು ಕಾರಿನಲ್ಲಿ ಬಂದರು. ಅವರು ಬರುವ ಮುಂಚೆಯೇ ತುದಿಗಳನ್ನು ಬ್ರಷ್ಷಿಗೆ ಸುತ್ತಿಟ್ಟುಕೊಂಡಿದ್ದ ಅವಳು ನಡೆಸಿ ತೋರಿಸಿದಳು, ಅವರು ಚಪ್ಪಾಳೆ ತಟ್ಟಿದರು. ಅವಳನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದರು. ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮಿಷನ್ನು ಪಾಸಾಯ್ತು ಕಣಣ್ಣ ಎಂದು ಅವಳೇ ಬಂದು ನನಗೊಂದು ತುಂಡು ಕೊಟ್ಟಳು.

ಹೊಸ ಜಿಲ್ಲೆಯಾಯಿತೆಂದು ಚಾಮರಾಜನಗರದಲ್ಲಿ ಬೀದಿಬೀದಿಗೂ ತೋರಣ ಕಟ್ಟಿದ್ದ ವರ್ಷ ಹೊಸ ಯಂತ್ರಗಳು ಲಾರಿಯಲ್ಲಿ ಬಂದವು. ನಮ್ಮಲ್ಲಿಗೆ ಒಂದು ಸಾಲು, ಕುಮಾರಿ ಕೆಲಸ ಮಾಡುತ್ತಿದ್ದ ಗುಂಡ್ಲುಪೇಟೆ ಕಾರ್ಖಾನೆಗೆ ಇನ್ನೊಂದು ಸಾಲು. ಬ್ರಷ್ ಮಾತ್ರ ಅದೇ ನೈಲಾನಿನದು. ಪಾಸಾದದ್ದನ್ನು ಯಾರು ಬದಲಾಯಿಸುತ್ತಾರೆ? ತಿಂಗಳು ಕಳೆಯುವಷ್ಟರಲ್ಲಿ ಎಲ್ಲವೂ ಅಂಟಿಕೊಂಡು ಕೂತವು. ಹೆಂಗಸರು ದೂರಿದರೆ ಕಂಪನಿಯವನು ಫೋಟೊ ಹಿಡಿದು ತೋರಿಸಿದ. ಇದೇ ಯಂತ್ರವನ್ನು ಉಡಿಗಾಲದ ಹೆಂಗಸೊಬ್ಬಳು ನೀಟಾಗಿ ನಡೆಸಿದ್ದಾಳೆ, ನಿಮಗೇನು ದಾಡಿ ಎಂದ.

ಗುಂಡ್ಲುಪೇಟೆಯಲ್ಲೂ ಅದೇ ಫೋಟೊ, ಅದೇ ಮಾತು. ಕುಮಾರಿ ಒಂದು ಭಾನುವಾರ ತವರಿಗೆ ಬಂದವಳು ಸುಲಿದ ಬೆರಳುಗಳನ್ನು ತಾಯಿಯ ಮುಂದೆ ಚಾಚಿದಳಂತೆ. "ಅವ್ವಾ, ನೀನು ಎಂಗೆ ಮಾಡ್ದೆ ಏಳ್ಕೊಡು. ನಿನ್ನ ಎಸ್ರು ಏಳಿ ಏಳಿ ನನ್ನ ಬಯ್ತಾರೆ."

ಮರುದಿನ ಬೆಳಿಗ್ಗೆ ಚಿಕ್ಕಮಾದಮ್ಮ ಎಲ್ಲರೆದುರು ಶಿವರುದ್ರಸ್ವಾಮಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅವರು ಸಿಡಿಮಿಡಿಗೊಂಡು ಮೈಸೂರಿಗೆ ಫೋನು ಮಾಡಿದರು. ಕೇಂದ್ರದವರು ಆ ಪ್ರಾಜೆಕ್ಟ್ ಮುಗಿದಿದೆ ಎಂದರು. ಕಂಪನಿಯವರು ಕೇಂದ್ರ ಒಪ್ಪಿದ್ದನ್ನೇ ನಾವು ಮಾಡಿದ್ದೇವೆ ಎಂದರು. ಕೊನೆಗೆ ಗುಂಡ್ಲುಪೇಟೆಗೆ ಹೊರಟಿದ್ದ ರಘುನಾಥ, ಯಾರೂ ಕಳಿಸದೆ, ತಾನಾಗಿ ಸುತ್ತು ಹಾಕಿಕೊಂಡು ನಮ್ಮಲ್ಲಿಗೆ ಬಂದ. ಅವನೀಗ ಬರೀ ಪಾಠ ಮಾಡುವ ಮೇಷ್ಟರಾಗಿದ್ದ.

ಊಟದ ಹೊತ್ತು. ಚಮಚ ಹಿಡಿದು ಕೂತಿದ್ದ ಅವಳ ಮುಂದೆ ಅವನು ಕುಕ್ಕರುಗಾಲಿನಲ್ಲಿ ಕೂತ. ಅವಳು ಅವನಿಗೂ ಎಲ್ಲ ಹೇಳಿದಳು. ಅವನು ಹಣೆ ಒತ್ತಿಕೊಂಡ.

"ಅದು ಎಲ್ಲಿ ಕೆಡುತ್ತೆ ಅಂತ ನೋಡೋಕೇ ನಾನು ಬಂದಿದ್ದಮ್ಮಾ. ಅವತ್ತೇ ಗೊತ್ತಾಗಿದ್ರೆ ಬ್ರಷ್ಷನ್ನೇ ಬದಲಾಯಿಸ್ತಿದ್ದೆ."

"ಕೆಡ್ಬೋದು ಅಂತ ನಂಗ್ಯಾರಪ್ಪ ಏಳುದ್ರು?"

ಸ್ವಿಚ್ಚು ಎಲ್ಲಿದೆ ಎಂದು ಅವಳಿಗೆ ಹೇಳಿಕೊಟ್ಟಿದ್ದರು, ಸೆರಗು ಸಿಕ್ಕಿಕೊಳ್ಳದ ಹಾಗೆ ಹೇಗೆ ಕೂರಬೇಕೆಂದೂ ಹೇಳಿಕೊಟ್ಟಿದ್ದರು. ಯಂತ್ರ ಸೋತರೂ ಪರವಾಗಿಲ್ಲ, ಸೋತದ್ದನ್ನೇ ನಮಗೆ ಹೇಳು ಎಂಬ ಒಂದು ಮಾತು ಹೇಳಲು ಅಷ್ಟು ಓದಿದವರಿಗೆ ನಾಲಿಗೆ ಬರಲಿಲ್ಲ. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಅಷ್ಟರಲ್ಲಿ ಮಾಲೀಕರು ಬ್ರಷ್‌ಗಳನ್ನು ಕಳಚಿಸಿ ಮೂಲೆಗೆ ಹಾಕಿಸಿದ್ದರು, ಮೋಟಾರುಗಳನ್ನು ಮಾತ್ರ ಉಳಿಸಿಕೊಂಡಿದ್ದರು. ನೂಲು ಮೊದಲಿಗಿಂತ ಬೇಗ ಸುತ್ತುತ್ತಿತ್ತು. ಹೆಂಗಸರು ಮೊದಲಿಗಿಂತ ಬೇಗಬೇಗ ಬಿಸಿನೀರಿಗೆ ಕೈ ಹಾಕಬೇಕಾಗಿತ್ತು.

ಹೊರಡುವಾಗ ರಘುನಾಥ ಹಳೆಯ ಅಭ್ಯಾಸದಂತೆ, ಕೈ ಈಗ ಹೇಗಿದೆಯಮ್ಮಾ ಎಂದ.

"ಉರೀತದೆ ಕಣಪ್ಪ," ಎಂದಳು ಚಿಕ್ಕಮಾದಮ್ಮ.

ಆಮೇಲೆ ಎದ್ದು ಬುತ್ತಿಯ ಚೀಲದೊಳಗಿಂದ ಕಾಗದದಲ್ಲಿ ಸುತ್ತಿದ್ದ ಒಂದು ಹೊಸ ಚಮಚ ತೆಗೆದು ಅವನ ಕೈಗಿಟ್ಟಳು.

"ಗುಂಡ್ಲುಪೇಟೆಗೆ ಓಯ್ತಿದ್ದೀಯಲ್ಲ, ಇದ ನಮ್ಮ ಕುಮಾರಿಗೆ ಕೊಟ್ಬುಡು."