ವಿಮಲಕ್ಕನ ಅಳುಕು

ಅರಿಯದೆ ಬೆಕ್ಕಿನ ಬಾಲ ತುಳಿದರೂ ವಿಮಲಕ್ಕ ಬಗ್ಗಿ ಅದಕ್ಕೆ "ತಪ್ಪಾಯ್ತಮ್ಮ" ಎನ್ನುತ್ತಿದ್ದರು. ಮೇಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅವರು ಹೈಸ್ಕೂಲಿನ ವಿಜ್ಞಾನದ ಟೀಚರು. ಬೀದಿಯವರೆಲ್ಲ ಮನೆಯ ಬೀಗದ ಕೈ ಕೊಟ್ಟುಹೋಗುತ್ತಿದ್ದುದು ಅವರ ಹತ್ತಿರವೇ. ನಮ್ಮೂರಲ್ಲಿ ಮನೆಮನೆಯಲ್ಲೂ ಸಾಕುವ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಮನೆಯವರ ಕೈ ಸಾಲುವುದಿಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಹುಳು ಸಾಕದ ವಿಮಲಕ್ಕ ಎಲ್ಲರಿಗಿಂತ ಮೊದಲೇ ಬರುತ್ತಿದ್ದರು. "ನಂಗ್ಯಾರೂ ಮುಯ್ಯಿ ತೀರಿಸೋದು ಬೇಡಮ್ಮ, ಒಂದು ಲೋಟ ಕಾಫಿ ಕೊಡಿ ಸಾಕು" ಎನ್ನುತ್ತಿದ್ದರು.

ಒಮ್ಮೆ ಶಿಡ್ಲಘಟ್ಟದ ರಸ್ತೆಯಲ್ಲಿ ಮೊಪೆಡ್ಡಿನಿಂದ ಬಿದ್ದು ಅವರ ಹಣೆಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಬಂದಾಗ ಮಾತು, ನಡಿಗೆ, ನೆನಪು ಎಲ್ಲ ಸರಿಯಾಗಿದ್ದವು. ಗಂಡಾಂತರ ಕಳೆಯಿತೆಂದು ನಾವೆಲ್ಲ ಸಮಾಧಾನಪಟ್ಟೆವು.

ಆ ಬೇಸಿಗೆಯಲ್ಲಿ ನಮ್ಮತ್ತೆಯನ್ನು ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಬೇಕಾಗಿ ಬಂತು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸವನ್ನು ವಿಮಲಕ್ಕನಿಗೆ ಒಪ್ಪಿಸಿ ಹೋದೆ. ಸಂಜೆ ಬಂದು ನೋಡಿದರೆ ಹುಳುಗಳು ಸೊಪ್ಪಿನ ನಡುವೆಯೇ ನೂಲು ಸುತ್ತಿಕೊಂಡು ಹಾಳಾಗಿದ್ದವು. ಅಕ್ಕ ತಮ್ಮ ಮನೆಯಲ್ಲಿ ಟಿ.ವಿ. ನೋಡುತ್ತಿದ್ದರು.

"ಬೇಜಾರಾಯ್ತು, ಎದ್ದು ಬಂದ್ಬಿಟ್ಟೆ" ಎಂದರು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ನಾನು ಕೂಗಾಡಿದೆ. ಅವರು ಟಿ.ವಿ. ಆರಿಸಿ, ಪಾಠ ಹೇಳುವ ಧಾಟಿಯಲ್ಲೇ ಹಣೆ ಮುಟ್ಟಿ ತೋರಿಸಿದರು.

"ಇಲ್ಲಿ, ಮೆದುಳಿನ ಮುಂಭಾಗಕ್ಕೆ ಏಟಾಗಿದೆ ಅಂದ್ರು ಡಾಕ್ಟ್ರು. ನಮ್ಮಿಂದ ಇನ್ನೊಬ್ರಿಗೆ ತೊಂದರೆ ಆದ್ರೆ ಒಳಗೆ ಚುಚ್ಚುತ್ತಲ್ಲ ಗೀತಾ, ಅದಕ್ಕೆ ಆ ಜಾಗ ಬೇಕಂತೆ. ತಪ್ಪು ಅಂತ ಗೊತ್ತು ಕಣೇ. ಚುಚ್ಚಲ್ಲ, ಅಷ್ಟೇ."

ನನ್ನ ಸಿಟ್ಟು ಇಳಿದುಹೋಯಿತು. ಬೀದಿಯವರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. "ಪಾಠ ಮಾಡಕ್ಕೆ ಬರುತ್ತೆ, ಇದೊಂದಕ್ಕೆ ಕಾಯಿಲೇನಾ?" ಎಂದರು ಎದುರುಮನೆಯಾಕೆ. ಬೀಗದ ಕೈಗಳು ಬೇರೆ ಮನೆ ಸೇರಿದವು. ಹುಳು ಹಣ್ಣಾದ ದಿನ ಅಕ್ಕನನ್ನು ಯಾರೂ ಕರೆಯಲಿಲ್ಲ. ಜನ ಗುಂಪಾಗಿ ಮಾತಾಡಿಕೊಂಡು ಹೋಗುವುದನ್ನು ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನಾನೊಬ್ಬಳು ಹೋಗಿ ಕರೆದೆ.

"ಬೇಡಮ್ಮ, ನನ್ನ ನಂಬಬೇಡ" ಎಂದರು. "ಮಧ್ಯದಲ್ಲೇ ಎದ್ದು ಹೋಗ್ಬೇಕು ಅನ್ಸಿದ್ರೆ ತಡೆಯೋದು ನನ್ನೊಳಗೆ ಏನೂ ಇಲ್ಲ."

ಕೊನೆಗೆ ಶಾಲೆಯ ಕೆಲಸವನ್ನೂ ಬಿಟ್ಟರು. ಗೌರಿಬಿದನೂರಿನಿಂದ ತಂಗಿ ಬಂದು ಕರೆದುಕೊಂಡು ಹೊರಟಾಗ ಬಸ್ ಸ್ಟಾಪಿನವರೆಗೆ ಹೋದೆ. ನಾನು ಅಳುತ್ತಿದ್ದೆ. ಅಕ್ಕ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

"ನಂಗೂ ಅಳು ಬರ್ಬೇಕಿತ್ತು ಗೀತಾ" ಎಂದರು.

ಅವರ ಕೈ ಹಿಡಿದುಕೊಂಡೆ. ಬಸ್ಸು ಬಂದಾಗ ಮೆಲ್ಲಗೆ ಬಿಡಿಸಿಕೊಂಡು ಹತ್ತಿದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.