ನಿಲ್ಲುವುದರಲ್ಲಿ ಹೆಸರಾದ ನಮ್ಮಕ್ಕ

ನಮ್ಮಕ್ಕ ನೃತ್ಯಗಾರ್ತಿ. ಹಾಗೆಂದು ಹೇಳಿದರೆ ಜನ ತಕ್ಷಣ ಅವಳ ಕಾಲು ನೋಡುತ್ತಾರೆ. ನೋಡಲಿ ಬಿಡಿ, ಈಚಿನ ವರ್ಷಗಳಲ್ಲಿ ಆ ಕಾಲುಗಳಿಗೂ ಬೇರೆ ಕೆಲಸವಿರಲಿಲ್ಲ.

ಚಿಕ್ಕಂದಿನಲ್ಲಿ ಅವಳನ್ನು ಒಂದು ಕಡೆ ನಿಲ್ಲಿಸುವುದೇ ಅಮ್ಮನಿಗೆ ದೊಡ್ಡ ತಲೆನೋವಾಗಿತ್ತು. ತಲೆ ಬಾಚುವಾಗಲೂ ಕುಣಿತ, ಪೆಟ್ಟು ತಿನ್ನುವಾಗಲೂ ಕುಣಿತ. ಬೆಳೆದು ಆಧುನಿಕ ನೃತ್ಯದ ತಂಡವೊಂದನ್ನು ಸೇರಿದಳು. ಹೊಲಿಗೆ ಕಲಿತಿದ್ದ ನನ್ನನ್ನೂ ಅದೇ ತಂಡದ ಉಡುಪು ಹೊಲಿಯಲು ಎಳೆದುಕೊಂಡಳು. ಅವಳು ನೆಗೆದರೆ ನನ್ನ ಹೊಲಿಗೆ ಬಿಚ್ಚಿಕೊಳ್ಳುತ್ತಿತ್ತು. ಬೈಯುತ್ತಲೇ ಮತ್ತೆ ಹಾಕಿಕೊಡುತ್ತಿದ್ದೆ.

ಹೊಸ ನೃತ್ಯವೊಂದರ ಮೊದಲ ಪ್ರದರ್ಶನದ ದಿನ, ಪರದೆ ಏಳುವ ಹೊತ್ತಿಗೆ ಅಕ್ಕನ ಬೆನ್ನು ಹಿಡಿದುಕೊಂಡಿತು. ಅವಳ ಬದಲಿಗೆ ಯಾರೂ ಇರಲಿಲ್ಲ. "ನಡುವೆ ಸುಮ್ನೆ ನಿಂತ್ಕೊ, ಉಳಿದವರು ನಿನ್ನ ಸುತ್ತ ಕುಣೀತಾರೆ," ಎಂದರು ನಿರ್ದೇಶಕರು. ಅಕ್ಕ ನಿಂತಳು, ನೋವಿಗೆ ಹಲ್ಲು ಕಚ್ಚಿಕೊಂಡು.

ಆ ದಿನ ವಿಶ್ವವಿದ್ಯಾಲಯದ ನೃತ್ಯ ಪಂಡಿತರೊಬ್ಬರು ನೋಡಲು ಬಂದಿದ್ದರು. ಮಾತುಮಾತಿಗೂ ಒಂದು ವಿವರಣೆ ಅಂಟಿಸುವ ಅವರಿಗೆ ನಾವಿಟ್ಟ ಹೆಸರು ಅಡಿಟಿಪ್ಪಣಿ. ಅಕ್ಕ ನಿಂತದ್ದರ ಮೇಲೆ ಅವರು ದಪ್ಪ ಪುಸ್ತಕವನ್ನೇ ಬರೆದುಬಿಟ್ಟರು. ಅವಳ ನಿಲುವು ಚಲನೆಯ ನಿರಾಕರಣೆಯಂತೆ. ಬಿಗಿದ ದವಡೆ ಇತಿಹಾಸದ ಮೌನವಂತೆ. ತುಸು ಎಡಕ್ಕೆ ವಾಲಿದ್ದು ಅಧಿಕಾರಕ್ಕೆ ಒಡ್ಡಿದ ಪ್ರತಿರೋಧವಂತೆ. ನೋವಿದ್ದದ್ದು ಬಲಗಡೆ. ಮುಲಾಮು ತಿಕ್ಕಿದ್ದು ನಾನು. ಆದರೆ ನನ್ನನ್ನು ಕೇಳುವವರು ಯಾರು?

ಪುಸ್ತಕ ಬಂದದ್ದೇ ತಡ, ತಂಡದ ಅದೃಷ್ಟ ಖುಲಾಯಿಸಿತು. ಎಲ್ಲರಿಗೂ ಅದೇ ನೃತ್ಯ ಬೇಕು, ಅದರಲ್ಲೂ ನಿಲ್ಲುವ ಹೆಂಗಸು ಬೇಕೇಬೇಕು. ವಿದ್ಯಾರ್ಥಿಗಳು ಬಂದು ಅವಳು ನಿಂತ ಜಾಗದ ಫೋಟೋ ಹೊಡೆದುಕೊಂಡು ಹೋದರು. ಬೆನ್ನು ವಾಸಿಯಾಯಿತೆಂದು ಅಕ್ಕ ಹೇಳಿದಾಗ ನಿರ್ದೇಶಕರ ಮುಖ ಇಂಗು ತಿಂದ ಮಂಗನಂತಾಯಿತು. "ಸದ್ಯಕ್ಕೆ ಯಾರ ಹತ್ರಾನೂ ಹೇಳ್ಬೇಡಮ್ಮ," ಎಂದರು.

ಆ ಸದ್ಯ ಮುಗಿಯಲೇ ಇಲ್ಲ. ಅಕ್ಕನಿಗೆ ಮಗಳು ಹುಟ್ಟಿದಳು, ಶಾಲೆಗೂ ಸೇರಿದಳು. ಅಮ್ಮ ಏನು ಮಾಡುತ್ತಾರೆಂದು ಟೀಚರ್ ಕೇಳಿದಾಗ, "ನಿಂತ್ಕೊಳ್ಳೋ ಕೆಲಸ ಮಾಡ್ತಾರೆ," ಎಂದಳಂತೆ. ಕೇಳಿ ನಾನು ನಕ್ಕೆ. ಅಕ್ಕ ನಗಲಿಲ್ಲ.

"ನಾನು ಕುಣಿಯೋದನ್ನ ಇವಳು ಒಂದ್ಸಲಾನೂ ನೋಡಿಲ್ಲ ಕಣೇ. ಇನ್ನೊಂದೆರಡು ವರ್ಷ ಹೋದ್ರೆ ಮಂಡಿ ನನ್ ಮಾತು ಕೇಳಲ್ಲ," ಎಂದಳು.

ಕುಣಿಯಲು ಬಿಡಿ ಎಂದು ಅವಳು ಕೇಳಿದಾಗ, ಪಂಡಿತರು ಒಪ್ಪಿದರೆ ತಮ್ಮದೇನೂ ಅಭ್ಯಂತರವಿಲ್ಲ ಎಂದು ನಿರ್ದೇಶಕರು ಕೈತೊಳೆದುಕೊಂಡರು. ಅಕ್ಕ ನನ್ನನ್ನೂ ಕರೆದುಕೊಂಡು ಅಡಿಟಿಪ್ಪಣಿಯವರ ಕೋಣೆಗೆ ಹೋದಳು. ಕುರ್ಚಿಗಳ ಮೇಲೆಲ್ಲ ಪುಸ್ತಕ. ಕೂರಲು ಜಾಗವಿಲ್ಲದೆ ಅಲ್ಲೂ ನಿಂತಳು. ಪಂಡಿತರು ಕಣ್ತುಂಬ ನೋಡಿದರು.

"ಸಾರ್, ಅವತ್ತು ನಂಗೆ ಬೆನ್ನು ನೋವಿತ್ತು. ಅದಕ್ಕೇ ನಿಂತಿದ್ದು."

"ಹಾಗಂತ ನೀವು ಅಂದ್ಕೊಂಡಿದೀರಿ," ಎಂದರು ಅವರು, ಮಗುವನ್ನು ರಮಿಸುವಂತೆ. "ಕಲಾವಿದರಿಗೆ ತಮ್ಮ ದೇಹ ಏನು ಹೇಳ್ತಿದೆ ಅಂತ ಗೊತ್ತಾಗಲ್ಲಮ್ಮ. ಅದಕ್ಕೇ ನಾವಿರೋದು."

"ಈಗ ನೋವಿಲ್ಲ ಸಾರ್. ಕುಣೀತೀನಿ."

"ಪುಸ್ತಕ ಮೂರನೇ ಮುದ್ರಣಕ್ಕೆ ಹೋಗಿದೆಯಲ್ಲ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಕೂತು ಅಕ್ಕ ಅತ್ತಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಓದಿದ ಮನುಷ್ಯನಿಗೆ ಎದುರಿಗೆ ನಿಂತವಳ ಮಾತು ಕಿವಿಗೆ ಬೀಳಬಾರದೇ?

ಮುಂದಿನ ಪ್ರದರ್ಶನಕ್ಕೆ ಮಗಳನ್ನು ಮೊದಲ ಸಾಲಿನಲ್ಲಿ ಕೂರಿಸಿದೆವು. ಪಕ್ಕದಲ್ಲೇ ಅಡಿಟಿಪ್ಪಣಿಯವರು, ಶಿಷ್ಯರ ಹಿಂಡಿನೊಂದಿಗೆ. ದೀಪ ಹತ್ತಿತು. ಅಕ್ಕ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಒಂದು ಹಿಮ್ಮಡಿ ಮೇಲೆದ್ದಿತು. ಆಮೇಲೆ ಅವಳು ಕುಣಿದಳು. ಹೇಗೆ ಕುಣಿದಳೆಂದು ವಿವರಿಸಲು ನಾನು ಪಂಡಿತೆಯಲ್ಲ. ಕಂಕುಳ ಹೊಲಿಗೆ ಪರ್ರನೆ ಹರಿದದ್ದು ಪರದೆಯ ಮರೆಯಲ್ಲಿದ್ದ ನನಗೂ ಕೇಳಿಸಿತು, ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ಸುತ್ತ ಕುಣಿಯುವವರು ದಿಕ್ಕು ತಪ್ಪಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮಗಳು ಕುರ್ಚಿ ಹತ್ತಿ ನಿಂತು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಅಡಿಟಿಪ್ಪಣಿಯವರು ಪೆನ್ನಿನ ಮುಚ್ಚಳ ಹಾಕಿ ತಲೆ ತಗ್ಗಿಸಿದರು.

ಮುಗಿದ ಮೇಲೆ ಅವರು ಒಳಗೆ ಬಂದರು. ಮುಖದಲ್ಲಿ ನಿಜವಾದ ಕಳವಳವಿತ್ತು.

"ಏನಮ್ಮ, ಇವತ್ತು ಮೈಗೆ ಹುಷಾರಿಲ್ವಾ?"

"ಹುಷಾರಾಗಿದೀನಿ ಸಾರ್," ಎಂದಳು ಅಕ್ಕ, ಏದುಸಿರು ಬಿಡುತ್ತಾ.

"ಪಾಪ," ಎಂದು ಅವರು ನಿರ್ದೇಶಕರತ್ತ ತಿರುಗಿದರು. "ಇವರಿಗೆ ವಿಶ್ರಾಂತಿ ಕೊಡಿ. ನಿಲ್ಲೋ ಶಕ್ತಿ ಹೋಗ್ಬಿಟ್ಟಿದೆ."

ಮರುದಿನವೇ ನಿರ್ದೇಶಕರು ವಿಶ್ರಾಂತಿ ಕೊಟ್ಟರು, ಶಾಶ್ವತವಾಗಿ. ತಂಡದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ನೆಗೆಯುವ ಹುಡುಗಿಯನ್ನು ತಂದು ಅಕ್ಕನ ಜಾಗದಲ್ಲಿ ನಿಲ್ಲಿಸಿದರು. ಈ ಸುದ್ದಿ ಹೊತ್ತು ನಾನು ಅಕ್ಕನ ಮನೆಗೆ ಹೋದಾಗ ಅವಳು ಸೋಫಾವನ್ನು ಗೋಡೆಗೆ ತಳ್ಳಿ, ಮಗಳಿಗೆ ಗಿರಗಿರನೆ ತಿರುಗುವುದನ್ನು ಕಲಿಸುತ್ತಿದ್ದಳು. ಕೇಳಿ ನಡುವೆಯೇ ನಿಂತುಬಿಟ್ಟಳು.

"ಬೆನ್ನು ಕೆಟ್ಟಿದ್ದಾಗ ಇಟ್ಕೊಂಡ್ರು, ನೆಟ್ಟಗಾದ್ಮೇಲೆ ಕಳಿಸಿದ್ರು ನೋಡು," ಎಂದಳು.

ಮಗಳು ಅವಳ ಕೈ ಹಿಡಿದು ಎಳೆದಳು. "ಅಮ್ಮ, ನಿಂತ್ಕೋಬೇಡ ಬಾ," ಎಂದಳು.